ರಬ್ಬರ್ ಬೋಟಿಗೆ ಪ್ಲೈವುಡ್ ತಳ: ಹಲಗೆಯನ್ನು ಹಿಡಿದಿಡುವುದು ಗಾಳಿ

ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ತಿರುಗುವ ಹರಿಗೋಲಿಗೂ ಪೆಟ್ಟಿಗೆಯಲ್ಲಿ ಮಡಚಿ ಬರುವ ರಬ್ಬರ್ ಬೋಟಿಗೂ ಮೇಲ್ನೋಟಕ್ಕೆ ಹೋಲಿಕೆ ಇದೆ. ಎರಡೂ ಹಗುರ, ಎರಡನ್ನೂ ದಡದವರೆಗೆ ಹೊತ್ತುಕೊಂಡು ಹೋಗಬಹುದು, ಎರಡಕ್ಕೂ ನೀರನ್ನು ತಡೆಯುವುದು ತೆಳುವಾದ ಒಂದು ಹೊದಿಕೆ. ವ್ಯತ್ಯಾಸವಿರುವುದು ಒಳಗೆ. ಹರಿಗೋಲಿನಲ್ಲಿ ಹೆಣೆದ ಬಿದಿರು ಎಲುಬಿನ ಕೆಲಸ ಮಾಡುತ್ತದೆ; ಹಿಂದೆ ತೊಗಲು, ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ, ಆ ಹೆಣಿಗೆಗೆ ಉಡಿಸಿದ ಬಟ್ಟೆ ಮಾತ್ರ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಷ್ಟು ಭಾರವನ್ನು ಹೊತ್ತದ್ದು ತೊಗಲಲ್ಲ, ಹೆಣಿಗೆ. ರಬ್ಬರ್ ಬೋಟಿನಲ್ಲಿ ಆ ಹೆಣಿಗೆ ಇಲ್ಲ. ಸುತ್ತಲೂ ಗಾಳಿ ತುಂಬಿದ ಟ್ಯೂಬು, ನಡುವೆ ಟ್ಯೂಬಿನ ಅಡಿಗೆ ಅಂಟಿಸಿದ ಒಂದು ಬಟ್ಟೆ, ಅಷ್ಟೇ. ಪ್ಲೈವುಡ್ ತಳ ಹಾಕುವುದೆಂದರೆ ಇಲ್ಲದ ಎಲುಬನ್ನು ಕೂಡಿಸುವುದು.

ಎಲುಬಿಲ್ಲದಿದ್ದರೆ ಏನಾಗುತ್ತದೆ ಎಂಬುದು ಬೋಟಿನೊಳಗೆ ಎದ್ದು ನಿಂತ ಕೂಡಲೇ ಗೊತ್ತಾಗುತ್ತದೆ. ಕಾಲಿಟ್ಟಲ್ಲಿ ಬಟ್ಟೆ ಜಗ್ಗುತ್ತದೆ. ಹಗ್ಗ ಸಡಿಲಾದ ಹೊರಸಿನ ಮೇಲೆ ಇಬ್ಬರು ಕುಳಿತಂತೆ, ಯಾರು ಎಲ್ಲಿ ಕುಳಿತರೂ ಕೊನೆಗೆ ನಡುವಿನ ತಗ್ಗಿಗೆ ಜಾರುತ್ತಾರೆ. ಅದು ಕಿರಿಕಿರಿ ಮಾತ್ರ. ನಿಜವಾದ ತೊಂದರೆ ಬಟ್ಟೆಯ ಕೆಳಗಿನ ಮಗ್ಗುಲಲ್ಲಿದೆ: ಜಗ್ಗಿದ ಭಾಗ ನೀರಿನೊಳಗೆ ಹೊಟ್ಟೆಯಂತೆ ಉಬ್ಬಿ, ಹುಟ್ಟು ಹಾಕುವವನ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ. ಹಿಂದೆ ಸಣ್ಣ ಮೋಟಾರು ಕಟ್ಟಿದರೆ ಇನ್ನೊಂದು ಸಮಸ್ಯೆ. ಮೋಟಾರು ಹಿಂದಿನಿಂದ ತಳ್ಳುತ್ತದೆ, ಮುಂದೆ ನೀರು ತಡೆಯುತ್ತದೆ, ನಡುವೆ ಗಟ್ಟಿಯಾದದ್ದೇನೂ ಇಲ್ಲದ ಕಾರಣ ಬೋಟು ಸೊಂಟದಲ್ಲಿ ಮಡಚಿಕೊಳ್ಳಲು ನೋಡುತ್ತದೆ.

ಟ್ಯೂಬುಗಳು ಈ ಮಡಚುವಿಕೆಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಗಾಳಿ ತುಂಬಿದ ಟ್ಯೂಬು ಎಷ್ಟು ಬಾಗು-ಬಲ ತಡೆದುಕೊಳ್ಳುತ್ತದೆ ಎಂಬುದು ಒಳಗಿನ ಒತ್ತಡಕ್ಕೆ ನೇರವಾಗಿಯೂ ಟ್ಯೂಬಿನ ತ್ರಿಜ್ಯದ ಘನಕ್ಕೆ ಅನುಗುಣವಾಗಿಯೂ ಇರುತ್ತದೆ. ಎಂದರೆ ಟ್ಯೂಬು ಎರಡರಷ್ಟು ದಪ್ಪವಾದರೆ ಅದೇ ಒತ್ತಡದಲ್ಲಿ ಎಂಟರಷ್ಟು ತಡೆದುಕೊಳ್ಳುತ್ತದೆ. ಸಣ್ಣ ಬೋಟುಗಳ ಟ್ಯೂಬು ಸಣ್ಣದು; ಒತ್ತಡವನ್ನಾದರೂ ಏರಿಸೋಣವೆಂದರೆ ಅದಕ್ಕೂ ಮಿತಿ ಇದೆ. ಹೆಚ್ಚಿನ ಬೋಟುಗಳ ಟ್ಯೂಬಿಗೆ ಹೇಳಿರುವ ಒತ್ತಡ ಸುಮಾರು 0.25 ಬಾರ್. ಕಾರಿನ ಟೈರಿನಲ್ಲಿ ಇರುವುದು 2 ಬಾರ್‌ಗೂ ಹೆಚ್ಚು. ಹಾಗಾಗಿ ಬೋಟನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಡ್ಡುವ ಯೋಚನೆಯನ್ನೇ ಮಾಡಬಾರದು. ಹೊಲಿಗೆ ಬಿಟ್ಟುಕೊಳ್ಳಲು ಕ್ಷಣ ಸಾಕು. ಒತ್ತಡ ಏರಿಸುವ ದಾರಿ ಮುಚ್ಚಿರುವಾಗ ಉಳಿಯುವುದು ಗಟ್ಟಿ ತಳ.

ಇಲ್ಲಿಯೇ ಹೊಸಬರು ದಾರಿ ತಪ್ಪುವುದು. ಹಲಗೆ ಎಂದ ಕೂಡಲೇ ಸ್ಕ್ರೂ, ಮೊಳೆ, ಅಂಟು ನೆನಪಾಗುತ್ತವೆ. ಬೋಟಿನ ಬಟ್ಟೆಗೆ ಇವು ಯಾವುವೂ ತಾಗಬಾರದು. ಪ್ಲೈವುಡ್ ತಳವನ್ನು ಬೋಟಿಗೆ ಜೋಡಿಸುವುದೇ ಇಲ್ಲ. ಟ್ಯೂಬು ಅರ್ಧ ಉಬ್ಬಿರುವಾಗ ಹಲಗೆಯನ್ನು ಒಳಗೆ ಕೂರಿಸಿ, ಆಮೇಲೆ ಟ್ಯೂಬನ್ನು ಪೂರ್ತಿ ಉಬ್ಬಿಸಿದಾಗ ಅದು ಹಲಗೆಯ ಅಂಚಿನ ಮೇಲೆ ಕುಳಿತು ಒತ್ತುತ್ತದೆ. ಅಡಿಯಲ್ಲಿ, ಹಲಗೆಗೂ ಬಟ್ಟೆಗೂ ನಡುವೆ ಉದ್ದಕ್ಕೆ ಸಾಗುವ ಗಾಳಿಯ ಕೀಲ್ ಟ್ಯೂಬ್ ಇರುವ ಬೋಟಾದರೆ ಅದು ಹಲಗೆಯನ್ನು ಮೇಲಕ್ಕೂ ಬಟ್ಟೆಯನ್ನು ಕೆಳಕ್ಕೂ ತಳ್ಳುತ್ತದೆ. ಸಡಿಲವಾಗಿದ್ದ ಬಟ್ಟೆ ಬಿಗಿದು ದೋಣಿಯ ಕೆಳಭಾಗಕ್ಕೆ ಇಳಿಜಾರಿನ ಆಕಾರ ಬರುತ್ತದೆ, ದೋಣಿ ನೇರವಾಗಿ ಹೋಗುತ್ತದೆ. ಮೇಲಿನಿಂದ ಬದಿಯ ಟ್ಯೂಬು, ಕೆಳಗಿನಿಂದ ಕೀಲ್ ಟ್ಯೂಬು, ನಡುವೆ ಹಲಗೆ. ಗಾಳಿ ಇಳಿದರೆ ಎಲ್ಲವೂ ಬಿಡಿ ಬಿಡಿ. ಹಲಗೆಯ ಅಳತೆ, ಅಂಚಿನ ದುಂಡುತನ, ಜೋಡಿಸುವ ಕ್ರಮ ಎಲ್ಲವೂ ಈ ಒಂದು ಸಂಗತಿಯಿಂದ ಹೊರಡುತ್ತವೆ.

ಮೊದಲು ಹಲಗೆಯ ಆಯ್ಕೆ. ಬಳ್ಳಾರಿ ಅಥವಾ ಗಂಗಾವತಿಯ ಯಾವುದೇ ಪ್ಲೈವುಡ್ ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಕೇಳಿದರೆ ಎರಡು ಮೂರು ಬಗೆಯ ಹಾಳೆ ತೋರಿಸುತ್ತಾರೆ. ಬೇಕಾದದ್ದು ಐಎಸ್ (ಭಾರತೀಯ ಮಾನಕ) 710 ಗುರುತಿರುವ ಮರೀನ್ ಪ್ಲೈ. ಅದರ ಪದರಗಳನ್ನು ಫೀನಾಲಿಕ್ ಅಂಟಿನಿಂದ ಕೂಡಿಸಿರುತ್ತಾರೆ, ಅಂಟಿನ ಪರೀಕ್ಷೆಗೆ ತುಂಡನ್ನು 72 ಗಂಟೆ ಕುದಿಸುತ್ತಾರೆ. ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ದರ್ಜೆಯದು ಅದಕ್ಕಿಂತ ಅಗ್ಗ. ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟನ್ನು ಚೆನ್ನಾಗಿ ಬಳಿದು, ಬಳಸಿದ ಮೇಲೆ ಒಣಗಿಸುವ ಶಿಸ್ತಿದ್ದರೆ ಅದೂ ನಡೆಯುತ್ತದೆ. ಅದೇ ಐಎಸ್ 303ರ ಎಂಆರ್ (ತೇವ ಮಾತ್ರ ತಡೆಯುವ) ದರ್ಜೆಯ ಹಾಳೆ ಪುಸ್ತಕದ ಕಪಾಟಿಗೆ ಸರಿ, ನದಿಗೆ ಅಲ್ಲ. ಇನ್ನೊಂದು ಆಸೆ ಹುಟ್ಟಿಸುವ ವಸ್ತು ಸೆಂಟ್ರಿಂಗಿನವರು ಬಳಸುವ, ಕಂದು ಬಣ್ಣದ ಹೊಳಪು ಪದರವಿರುವ ಶಟರಿಂಗ್ ಪ್ಲೈ. ನೀರಿಗೆ ಜಗ್ಗುವುದಿಲ್ಲವೇನೋ ಸರಿ, ಆದರೆ ಒದ್ದೆಯಾದಾಗ ಕಾಲು ನಿಲ್ಲದಷ್ಟು ಜಾರುತ್ತದೆ, ಭಾರವೂ ಹೆಚ್ಚು, ಆ ಹೊಳಪಿನ ಮೇಲೆ ಬಣ್ಣವೂ ಹಿಡಿಯುವುದಿಲ್ಲ. ನಾನಾದರೆ ಅದನ್ನು ಮುಟ್ಟುವುದಿಲ್ಲ. ಯಾವ ಹಾಳೆಯಾದರೂ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಬೇಕು. ಒಳಪದರಗಳ ನಡುವೆ ಟೊಳ್ಳು ಕಂಡರೆ ಆ ಹಾಳೆಯನ್ನು ಬಿಡಬೇಕು. ಕಾಲಿನ ಭಾರ ಬಿದ್ದಾಗ ಒಡೆಯುವುದು ಅಲ್ಲಿಯೇ.

ದಪ್ಪ ಎಷ್ಟು? ಹಲಗೆಯ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 9 ಮಿಲಿಮೀಟರಿನಿಂದ 12ಕ್ಕೆ ಹೋದರೆ ತೂಕ ಮೂರನೇ ಒಂದರಷ್ಟು ಹೆಚ್ಚು, ಬಿಗುವು ಎರಡೂ ಕಾಲು ಪಟ್ಟಿಗಿಂತ ಮಿಗಿಲು. ಮೂರು ಮೀಟರ್ ಉದ್ದದ ಬೋಟಿನ ಒಳತಳ ಸುಮಾರು ಎರಡು ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ ಎಂದುಕೊಳ್ಳೋಣ. ಅಷ್ಟಕ್ಕೆ 12 ಮಿಲಿಮೀಟರಿನ ಮರೀನ್ ಪ್ಲೈ ಹನ್ನೆರಡು ಕಿಲೋ ತೂಗುತ್ತದೆ, 9 ಮಿಲಿಮೀಟರಿನದು ಒಂಬತ್ತು. ಹುಟ್ಟು ಹಾಕಿಕೊಂಡು ಒಬ್ಬರು ಮೀನಿಗೆ ಗಾಳ ಬಿಡಲು 9 ಮಿಲಿಮೀಟರಿನದು ಸಾಕು. ಮೋಟಾರು ಕಟ್ಟುವವರು, ಇಬ್ಬರು ಮೂವರು ಕೂರುವವರು 12 ಹಾಕಬೇಕು. ಈ ತೂಕವೂ ಬೋಟಿನ ಮೇಲೆ ಬರೆದಿರುವ ಗರಿಷ್ಠ ಭಾರದೊಳಗೇ ಬರುತ್ತದೆ ಎಂಬುದನ್ನು ಮರೆಯಬಾರದು. ತಳ ಗಟ್ಟಿಯಾದ ಮಾತ್ರಕ್ಕೆ ಬೋಟು ಹೆಚ್ಚು ತೇಲುವುದಿಲ್ಲ, ತೇಲಿಸುವುದು ಟ್ಯೂಬೇ.

ಪ್ಲೈವುಡ್ ತನ್ನ ಮೇಲ್ಪದರದ ಎಳೆ ಸಾಗುವ ದಿಕ್ಕಿನಲ್ಲಿ ಹೆಚ್ಚು ಬಿಗಿ. ಬೋಟಿನ ಹಲಗೆ ಒಂದು ಟ್ಯೂಬಿನಿಂದ ಎದುರಿನ ಟ್ಯೂಬಿಗೆ ಸೇತುವೆಯಂತೆ ನಿಲ್ಲುವುದರಿಂದ ಎಳೆ ಅಡ್ಡಲಾಗಿ ಇರುವಂತೆ ಕತ್ತರಿಸುವುದು ನನ್ನ ಒಲವು. ಉದ್ದದ ಬಲವನ್ನು ಹಲಗೆಗಳ ಬದಿಗೆ ಹಾಕುವ ಉದ್ದನೆಯ ಅಂಚುಪಟ್ಟಿಗಳಿಗೆ ಬಿಡಬಹುದು. ಎಂಟು-ನಾಲ್ಕು ಅಡಿಯ ಒಂದೇ ಹಾಳೆಯಲ್ಲಿ 70 ಸೆಂಟಿಮೀಟರ್ ಅಗಲ, 50 ಉದ್ದದ ಆರು ತುಂಡು ಈ ರೀತಿ ಹೊರಡುತ್ತವೆ. ಬೇಕಾಗುವುದು ನಾಲ್ಕು. ಉಳಿದವು ಕತ್ತರಿಸುವಾಗ ಕೈ ತಪ್ಪಿದರೆ ಇರಲಿ.

ಇಡೀ ತಳವನ್ನು ಒಂದೇ ಹಲಗೆಯಾಗಿ ಮಾಡಿದರೆ ಗಟ್ಟಿಯೇ, ಆದರೆ ಅದನ್ನು ಬೋಟಿನೊಳಗೆ ತೂರಿಸುವುದು ಹೇಗೆ? ಬೈಕಿನ ಹಿಂದೆ, ಬಸ್ಸಿನ ಮೇಲೆ ಸಾಗಿಸುವುದು ಹೇಗೆ? ಅದಕ್ಕೇ ತುಂಡುಗಳು. ಮುಂದಿನದು ಮೂತಿಯ ಆಕಾರಕ್ಕೆ ದುಂಡಗೆ, ಹಿಂದಿನದು ಮೋಟಾರು ಕಟ್ಟುವ ಅಡ್ಡಹಲಗೆಗೆ ತಾಗುವಂತೆ ನೇರವಾಗಿ, ನಡುವೆ ಎರಡು ಆಯತ.

ಅಳತೆಯನ್ನು ಟೇಪಿನಿಂದ ಮಾತ್ರ ತೆಗೆದರೆ ಸಾಲದು, ಏಕೆಂದರೆ ಟ್ಯೂಬಿನ ಬದಿ ನೇರವಾಗಿರುವುದೇ ಇಲ್ಲ. ಬೋಟಿಗೆ ಪೂರ್ತಿ ಗಾಳಿ ತುಂಬಿ, ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಸಿಕ್ಕರೆ ಅದನ್ನು ಕತ್ತರಿಸಿ ತಳಕ್ಕೆ ಹಾಸಬೇಕು. ಟ್ಯೂಬಿನ ಅಡಿ ಮತ್ತು ತಳದ ಬಟ್ಟೆ ಕೂಡುವ ಸಂದಿಗೆ ರಟ್ಟಿನ ಅಂಚು ಹೋಗಿ ತಾಗುವವರೆಗೆ ಸವರುತ್ತ ಹೋಗಬೇಕು. ಎರಡೂ ಬದಿಯನ್ನು ಬೇರೆ ಬೇರೆ ಅಳೆಯುವುದು ಒಳ್ಳೆಯದು. ಕೈಯಲ್ಲಿ ಅಂಟಿಸಿದ ಬೋಟುಗಳು ಎಡಬಲ ಒಂದೇ ಇರುವುದು ಅಪರೂಪ. ಆ ರಟ್ಟನ್ನು ಪ್ಲೈ ಮೇಲಿಟ್ಟು ಗೆರೆ ಎಳೆದು, ಬದಿಗಳಲ್ಲಿ ನಾಲ್ಕೈದು ಮಿಲಿಮೀಟರ್ ಒಳಗೆ ಕತ್ತರಿಸಬೇಕು. ಆ ಜಾಗ ಅಂಚುಪಟ್ಟಿಗೆ ಮತ್ತು ಬಣ್ಣದ ಪದರಕ್ಕೆ ಬೇಕಾಗುತ್ತದೆ. ಕೀಲ್ ಟ್ಯೂಬಿನ ವಾಲ್ವ್ ಹಲಗೆಯ ಅಡಿ ಸಿಕ್ಕಿಕೊಳ್ಳುವ ಬೋಟಾದರೆ ರಟ್ಟಿನಲ್ಲೇ ಅದರ ಜಾಗ ಗುರುತಿಸಿ, ಪಂಪಿನ ಮೂತಿ ಮತ್ತು ಬೆರಳು ಹೋಗುವಷ್ಟು ತೂತು ಬಿಡಬೇಕು.

ತುಂಡುಗಳ ನಡುವಿನ ಜೋಡಣೆಗೆ ಎಚ್ ಆಕಾರದ ಅಲ್ಯೂಮಿನಿಯಂ ಚಾನೆಲ್ ಬೇಕು. ಬೋಟು ಕಂಪನಿಗಳ ಚಾನೆಲ್ ನಮ್ಮ ಕಡೆ ಸಿಗುವುದಿಲ್ಲ. ಆದರೆ ಕಿಟಕಿ, ಪಾರ್ಟಿಷನ್ ಮಾಡುವ ಅಲ್ಯೂಮಿನಿಯಂ ಸೆಕ್ಷನ್ ಅಂಗಡಿಗಳು ಊರೂರಲ್ಲೂ ಇವೆ. 12 ಮಿಲಿಮೀಟರ್ ಹಲಗೆ ಕೂರುವ ಯು ಚಾನೆಲ್ಲನ್ನು ಅವರಲ್ಲಿ ಕೊಂಡು, ಎರಡನ್ನು ಬೆನ್ನಿಗೆ ಬೆನ್ನು ಸೇರಿಸಿ ರಿವೆಟ್ ಹೊಡೆದರೆ ಎಚ್ ಆಯಿತು. ರಿವೆಟ್ಟಿನ ತಲೆ ಚಾನೆಲ್ಲಿನ ಒಳಬದಿಯಲ್ಲಿ ಚಪ್ಪಟೆಯಾಗಿರಬೇಕು. ಚಾನೆಲ್ಲಿನ ಒಂದು ಬದಿಯನ್ನು ಒಂದು ಹಲಗೆಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಕಾಯಂ ಮಾಡಿ, ಇನ್ನೊಂದು ಬದಿಗೆ ಪಕ್ಕದ ಹಲಗೆ ಜಾರಿ ಕೂರುವಂತೆ ಬಿಡಬೇಕು. ಚಾನೆಲ್ಲಿನ ಎರಡು ತುದಿ ಚೂಪಾಗಿರುತ್ತವೆ. ಅವನ್ನು ಅರದಿಂದ ಉಜ್ಜಿ ದುಂಡಗೆ ಮಾಡದಿದ್ದರೆ ಬಟ್ಟೆಯನ್ನು ಮೊದಲು ಕೊಯ್ಯುವುದು ಅವೇ.

ಈಗ ನಡುವಿನ ಎರಡು ಹಲಗೆಗಳ ವಿಷಯ. ಇಡೀ ವಿನ್ಯಾಸದಲ್ಲಿ ನನಗೆ ಅತಿ ಜಾಣತನದ್ದೆನಿಸುವ ಭಾಗ ಇದು. ಮುಂದಿನ ಮತ್ತು ಹಿಂದಿನ ತುಂಡನ್ನು ಮೊದಲು ಕೂರಿಸುತ್ತಾರೆ. ಉಳಿದ ಜಾಗಕ್ಕೆ ನಡುವಿನ ಎರಡನ್ನು ಗುಡಿಸಲಿನ ಮಾಡಿನಂತೆ ಎತ್ತಿ ನಿಲ್ಲಿಸಿ, ಮೇಲಿನಿಂದ ಕಾಲಿಟ್ಟು ಒತ್ತಿ ಚಪ್ಪಟೆ ಮಾಡುತ್ತಾರೆ. ಲೆಕ್ಕ ಹೀಗಿದೆ. ತಲಾ 50 ಸೆಂಟಿಮೀಟರಿನ ಎರಡು ಹಲಗೆ ಮಲಗಿದಾಗ ಒಂದು ಮೀಟರ್ ಹಿಡಿಯುತ್ತವೆ. ಅವೆರಡೂ ಕೂಡುವ ನಡುವಿನ ಜೋಡು 20 ಸೆಂಟಿಮೀಟರ್ ಎದ್ದಿರುವಾಗ ಅವಕ್ಕೆ ಸಾಲುವುದು ಸುಮಾರು 91.7 ಸೆಂಟಿಮೀಟರ್, ಎಂದರೆ ಎಂಟು ಸೆಂಟಿಮೀಟರಿಗೂ ಹೆಚ್ಚು ಸಡಿಲ ಸಿಕ್ಕಿತು, ಹಲಗೆ ಸಲೀಸಾಗಿ ಒಳಗೆ ಇಳಿಯುತ್ತದೆ. ಒತ್ತುತ್ತ ಹೋಗಿ ಜೋಡು ನೆಲದಿಂದ ಐದು ಸೆಂಟಿಮೀಟರ್ ಎತ್ತರಕ್ಕೆ ಬಂದಾಗ ಉಳಿಯುವ ಸಡಿಲ ಅರ್ಧ ಸೆಂಟಿಮೀಟರ್ ಮಾತ್ರ. ಆ ಹಂತದಲ್ಲಿ ಜೋಡಿನ ಮೇಲೆ 20 ಕಿಲೋ ಭಾರ ಹಾಕಿದರೆ ಹಲಗೆಗಳು ಮುಂದಕ್ಕೂ ಹಿಂದಕ್ಕೂ ತಲಾ 100 ಕಿಲೋದಷ್ಟು ಬಲದಿಂದ ತಳ್ಳುತ್ತವೆ. ಕೋನ ಇನ್ನೂ ಕಿರಿದಾದಂತೆ ಆ ಬಲ ಇನ್ನೂ ಏರುತ್ತದೆ.

ಇದರಿಂದ ಮೂರು ಮಾತು ತಿಳಿಯುತ್ತವೆ. ಉದ್ದದ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಎಂದರೆ ದೊಡ್ಡ ಮಾತು: ಅಷ್ಟು ಗಿಡ್ಡವಾದರೆ ತಳ ಲೊಡಲೊಡ ಎನ್ನುತ್ತದೆ, ಅಷ್ಟು ಉದ್ದವಾದರೆ ಜೋಡು ಮಲಗುವುದೇ ಇಲ್ಲ, ಹಟ ಹಿಡಿದು ಕುಣಿದು ಮಲಗಿಸಿದರೆ ಹಿಂದಿನ ಅಡ್ಡಹಲಗೆಯ ಅಂಟು ಬಿಡುತ್ತದೆ. ಆದ್ದರಿಂದ ನಡುವಿನ ಹಲಗೆಯನ್ನು ಮೊದಲು ಸ್ವಲ್ಪ ಉದ್ದವೇ ಇಟ್ಟು, ಕೂರಿಸಿ ನೋಡಿ, ಕೀಸುತ್ತ ಬರುವುದು ಕ್ಷೇಮ. ಎರಡನೆಯದಾಗಿ, ಮಾಡಿನಂತೆ ಎದ್ದಾಗ ಹಲಗೆಯ ತುದಿಗಳು ಚಾನೆಲ್ಲಿನೊಳಗೆ ಓರೆಯಾಗಿ ತಿರುಗಬೇಕು. ಅದಕ್ಕಾಗಿ ಆ ತುದಿಗಳ ಎರಡೂ ಮುಖವನ್ನು ಉಳಿಯಿಂದಲೋ ಕೀಸುಳಿಯಿಂದಲೋ ಇಳಿಜಾರಾಗಿ ತೆಳು ಮಾಡಬೇಕು. ಮೂರನೆಯದು ಬೆರಳುಗಳ ವಿಷಯ. ಜೋಡು ಮಲಗುವಾಗ ಅದರ ಹತ್ತಿರ ಕೈ ಇರಬಾರದು. ನೂರು ಕಿಲೋದ ಬಲಕ್ಕೆ ಬೆರಳು ಲೆಕ್ಕವಲ್ಲ.

ಮಲಗಿದ ಜೋಡು ಮತ್ತೆ ಮೇಲಕ್ಕೆ ಏಳದಂತೆ ಎರಡು ಬದಿಯಲ್ಲೂ ಅಂಚುಪಟ್ಟಿ ಹಾಕುತ್ತಾರೆ. ಇವು ಉದ್ದನೆಯ ಯು ಚಾನೆಲ್ಲುಗಳು. ಹಲಗೆಗಳ ಬದಿಯಂಚನ್ನು ಕಚ್ಚಿಕೊಂಡು ಕೂರುತ್ತವೆ. ನಡುವಿನ ಜೋಡು ಪಟ್ಟಿಯ ಉದ್ದದ ಮಧ್ಯಕ್ಕೆ ಬರಬೇಕು, ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿ ಹಲಗೆಯ ಜೋಡು ಇರಬಾರದು. ಎರಡು ದುರ್ಬಲ ಜಾಗ ಒಂದರ ಮೇಲೊಂದು ಬಂದರೆ ಬೋಟು ಮಡಚುವುದು ಅಲ್ಲಿಯೇ. ಪಟ್ಟಿ ತೂರಿಸಲು ಹಲಗೆಯ ಬದಿಯನ್ನು ಸ್ವಲ್ಪ ಎತ್ತಬೇಕಾಗುತ್ತದೆ; ಬೋಟಿನ ಕೆಳಗೆ ಒಂದು ದುಂಡನೆಯ ಬಿದಿರಿನ ಗಳ ಅಡ್ಡ ಇಟ್ಟರೆ ಈ ಕೆಲಸ ಒಬ್ಬರಿಂದಲೇ ಆಗುತ್ತದೆ.

ಅಂಚು ಸವರುವ ಕೆಲಸಕ್ಕೆ ಬೇಸರಪಡುವವರು ಈ ಸಾಹಸಕ್ಕೆ ಕೈ ಹಾಕದಿರುವುದು ಮೇಲು. ಬಟ್ಟೆಗೆ ತಾಗುವ ಪ್ರತಿ ಅಂಚನ್ನೂ, ಅದರಲ್ಲೂ ಕೆಳಗಿನದನ್ನು, ಬೆರಳಾಡಿಸಿದರೆ ಎಲ್ಲಿಯೂ ಮೂಲೆ ಎನಿಸದಷ್ಟು ದುಂಡಗೆ ಮಾಡಬೇಕು. ಒರಟು ಪಾಲಿಶ್ ಪೇಪರಿನಿಂದ ಶುರುಮಾಡಿ ನಯವಾದದ್ದಕ್ಕೆ ಬರಬೇಕು. ಸಾಣಾಪುರ, ಆನೆಗೊಂದಿಯ ಕಡೆಯ ನೀರಿನಲ್ಲಿ ಇದು ಇನ್ನೂ ಮುಖ್ಯ, ಅಲ್ಲಿ ನೀರಿನಡಿ ಇರುವುದು ಗ್ರಾನೈಟ್ ಬಂಡೆ. ಬರೀ ಬಟ್ಟೆಯ ತಳ ಬಂಡೆಗೆ ತಾಗಿದರೆ ಒಳಕ್ಕೆ ಬಾಗಿ ಜಾರಿಕೊಂಡು ಹೋಗುತ್ತದೆ. ಹಲಗೆ ಹಾಕಿದ ಮೇಲೆ ಬಾಗಲು ಜಾಗವಿಲ್ಲ. ಬಟ್ಟೆ ಕಲ್ಲು ಮತ್ತು ಮರದ ನಡುವೆ ಸಿಕ್ಕಿ ಹರಿಯುತ್ತದೆ. ಗಟ್ಟಿ ತಳಕ್ಕೆ ತೆರಬೇಕಾದ ಬೆಲೆ ಇದು. ಕೀಲ್ ಟ್ಯೂಬ್ ಇದ್ದರೆ ನಡುಭಾಗ ಬಚಾವು. ಇಲ್ಲದವರು ಹಲಗೆಯ ಅಡಿಗೆ ಯೋಗ ಚಾಪೆಯಂಥ ಫೋಮ್ ಹಾಳೆ ಹಾಸಬಹುದು. ಮರಳಿನದೂ ಇದೇ ಕಥೆ: ಹಲಗೆ ಮತ್ತು ಬಟ್ಟೆಯ ನಡುವೆ ಸೇರಿದ ಒಂದು ಹಿಡಿ ಮರಳು ಪ್ರತಿ ಅಲೆಗೂ ಬಟ್ಟೆಯನ್ನು ಉಜ್ಜುತ್ತಿರುತ್ತದೆ. ಬೋಟು ಹತ್ತುವ ಮೊದಲು ಕಾಲು ತೊಳೆಯುವುದು ಇಲ್ಲಿ ಮಡಿಯಲ್ಲ, ರಿಪೇರಿ ಖರ್ಚಿನ ಉಳಿತಾಯ.

ಮರವನ್ನು ನೀರಿನಿಂದ ಕಾಯಲು ಎಪಾಕ್ಸಿ ಬಳಿಯಬೇಕು, ಆದರೆ ನಮ್ಮ ಜಿಲ್ಲೆಗಳ ಸೆಕೆ ಅದಕ್ಕೆ ಅಡ್ಡಿ. ಎಪಾಕ್ಸಿಯ ಎರಡು ಭಾಗ ಬೆರೆಸಿದ ಮೇಲೆ ಅದು ಬಳಿಯಲು ಬರುವಂತೆ ಇರುವ ಸಮಯ, ಪ್ರತಿ ಹತ್ತು ಡಿಗ್ರಿ ಬಿಸಿಲೇರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಬ್ಬದ ಮೇಲೆ 25 ಡಿಗ್ರಿಗೆ ಅರ್ಧ ಗಂಟೆ ಎಂದು ಬರೆದಿದ್ದರೆ ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಸ್ವಲ್ಪ ಸ್ವಲ್ಪವೇ ಬೆರೆಸಿ, ಆಳವಾದ ಲೋಟದ ಬದಲು ಅಗಲವಾದ ತಟ್ಟೆಯಲ್ಲಿ ಹರಡಿ ಇಟ್ಟುಕೊಂಡರೆ ಬಿಸಿ ಏರುವುದು ನಿಧಾನವಾಗುತ್ತದೆ. ಹೊತ್ತೂ ಮುಖ್ಯ. ಬೆಳಿಗ್ಗೆ ತಂಪಿದೆ ಎಂದು ಶುರು ಮಾಡಿದರೆ, ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಬಂದು ಬಳಿದ ಪದರದ ತುಂಬ ಗುಳ್ಳೆ ಏಳುತ್ತವೆ. ಸಂಜೆ, ಹಲಗೆ ಬಿಸಿಯಿಂದ ತಂಪಿನತ್ತ ಇಳಿಯುತ್ತಿರುವಾಗ ಬಳಿದರೆ ಒಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಯ್ದ ಅಂಚುಗಳಿಗೆ ಕನಿಷ್ಠ ಮೂರು ಕೈ, ಮುಖಗಳಿಗೆ ಎರಡು. ಸ್ಕ್ರೂ ತೂತುಗಳನ್ನು ಮೊದಲು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರೊಳಗೆ ಸರಿಯಾದ ಅಳತೆಯ ತೂತು ಕೊರೆಯಬೇಕು. ಆಗ ಸ್ಕ್ರೂವಿನ ಸುತ್ತ ಮರಕ್ಕೆ ನೀರು ತಾಗುವುದೇ ಇಲ್ಲ.

ಎಪಾಕ್ಸಿ ಬಿಸಿಲಿನಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ, ಹಾಗಾಗಿ ಮೇಲೆ ಪಾಲಿಯುರೆಥೇನ್ ಬಣ್ಣ ಬೇಕು. ಬಣ್ಣ ತಿಳಿಯಾಗಿರಲಿ. ಸಾಮಾನ್ಯ ಎಪಾಕ್ಸಿ 50-60 ಡಿಗ್ರಿಯ ಹತ್ತಿರ ಮೆತ್ತಗಾಗತೊಡಗುತ್ತದೆ, ಕಡುಬಣ್ಣದ ಹಲಗೆ ಬಳ್ಳಾರಿಯ ಮೇ ಬಿಸಿಲಿನಲ್ಲಿ ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ, ಬರಿಗಾಲಿನ ಪಾಡಂತೂ ಹೇಳುವುದೇ ಬೇಡ. ಕೊನೆಯ ಕೈ ಬಣ್ಣ ಹಸಿ ಇರುವಾಗ ಮೇಲ್ಮುಖಕ್ಕೆ ಮಾತ್ರ ಜರಡಿ ಹಿಡಿದ ಒಣ ಮರಳು ಉದುರಿಸಿದರೆ ಕಾಲು ಜಾರುವುದಿಲ್ಲ.

ಬಿಸಿಲು ಹಲಗೆಯನ್ನು ಹಿಡಿದಿರುವ ಗಾಳಿಯ ಮೇಲೂ ಕೈಯಾಡಿಸುತ್ತದೆ. 25 ಡಿಗ್ರಿಯಲ್ಲಿ 0.25 ಬಾರ್ ತುಂಬಿದ ಟ್ಯೂಬು ದಡದ ಬಿಸಿಲಿನಲ್ಲಿ 55 ಡಿಗ್ರಿಗೆ ಕಾದರೆ, ಬಟ್ಟೆ ಹಿಗ್ಗದು ಎಂದುಕೊಂಡರೆ, ಒತ್ತಡ 0.37 ಬಾರ್ ದಾಟುತ್ತದೆ; ಒಂದೂವರೆ ಪಟ್ಟು. ಅದೇ ಟ್ಯೂಬು ತಣ್ಣನೆಯ ನೀರಿಗಿಳಿದಾಗ ಒತ್ತಡ ಕುಸಿದು ಹಲಗೆಗಳು ಸಡಿಲಾಗುತ್ತವೆ. ದಡದಲ್ಲಿ ತುಂಬಿದ್ದು ಸಾಕೆಂದು ಹೊರಡದೆ, ನೀರಿಗಿಳಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಪಂಪು ಹೊಡೆಯಬೇಕು. ಮೇಲೆ ತಂದ ಕೂಡಲೇ ಸ್ವಲ್ಪ ಗಾಳಿ ಬಿಡಬೇಕು. ತುಂಬುವ ಕ್ರಮ ಹೀಗೆ: ಟ್ಯೂಬಿನ ಎಲ್ಲ ಕೋಣೆಗಳಿಗೂ ಸರದಿಯಲ್ಲಿ ಅರ್ಧರ್ಧ, ಹಲಗೆ, ಅಂಚುಪಟ್ಟಿ, ಮತ್ತೆ ಟ್ಯೂಬು ಪೂರ್ತಿ, ಕೊನೆಗೆ ಕೀಲ್ ಟ್ಯೂಬು. ಗಾಳಿ ಬಿಡುವಾಗ ಕೀಲ್ ಟ್ಯೂಬಿನದು ಮೊದಲು.

ಬಂದರಿನಲ್ಲಿ ಮಾರುವ ದಪ್ಪ ಬಟ್ಟೆಯ ಬೋಟಿಗೂ ಆಟಿಕೆಯ ಜೊತೆ ಮಾರುವ ತೆಳು ವಿನೈಲಿನದಕ್ಕೂ ಈ ತಳ ಒಂದೇ ರೀತಿ ಒಗ್ಗುವುದಿಲ್ಲ. ತೆಳು ಬೋಟಿನಲ್ಲಿ ಹಲಗೆಯನ್ನು ಗಾಳಿಯ ತಳದ ಮೇಲೆ ಬಿಡಿಯಾಗಿ ಹಾಸಿ, ಅಂಚಿಗೆ ಪೈಪಿಗೆ ಸುತ್ತುವ ಫೋಮ್ ಸಿಕ್ಕಿಸಿ, ನಿಲ್ಲಲು ಕೂರಲು ಅನುಕೂಲ ಮಾಡಿಕೊಳ್ಳಬಹುದು ಅಷ್ಟೇ. ಅಂಚುಪಟ್ಟಿ, ಬಿಗಿತ, ಮೋಟಾರು ಅದಕ್ಕೆ ಬೇಡ.

ಎಲ್ಲಿ ಇಳಿಸುವುದು ಎಂಬುದೂ ಕೇಳಿ ತಿಳಿಯಬೇಕಾದ ವಿಷಯ. ತುಂಗಭದ್ರಾ ಜಲಾಶಯದಲ್ಲಿ ದೋಣಿ ಬಿಡಲು ಅನುಮತಿ ಬೇಕು. ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಮೋಟಾರು ಓಡಿಸಬಾರದು, ಮೊಸಳೆಗಳಿರುವುದನ್ನೂ ಮರೆಯಬಾರದು. ಅಣೆಕಟ್ಟಿನಿಂದ ನೀರು ಬಿಡುವ ದಿನಗಳಲ್ಲಿ ಕೃಷ್ಣೆಗಾಗಲಿ ತುಂಗಭದ್ರೆಗಾಗಲಿ ಇಳಿಯುವುದೇ ಬೇಡ. ಲೈಫ್ ಜಾಕೆಟ್ ಕೆರೆಯಲ್ಲೂ ಬೇಕು.

ಬಳಸಿದ ಮೇಲೆ ಹಲಗೆಗಳನ್ನು ಹೊರತೆಗೆದು, ಬೋಟಿನೊಳಗಿನ ಮಣ್ಣು ತೊಳೆದು, ಎರಡನ್ನೂ ನೆರಳಿನಲ್ಲಿ ಬೇರೆ ಬೇರೆ ಒಣಗಿಸಬೇಕು. ಎಲ್ಲಾದರೂ ಬಣ್ಣ ಕೆತ್ತಿ ಮರ ಕಂಡರೆ ಆ ವಾರವೇ ಎಪಾಕ್ಸಿ ಹಚ್ಚಬೇಕು. ನೀರು ಒಳಗೆ ಸೇರಿದ ಮೇಲೆ ಹಚ್ಚಿದರೆ ತೇವವನ್ನು ಒಳಗೇ ಬೀಗ ಹಾಕಿದಂತಾಗುತ್ತದೆ. ತುಂಡುಗಳ ಅಡಿಯಲ್ಲಿ ಸಂಖ್ಯೆಯನ್ನೂ ಮೂತಿಯ ಕಡೆಗೆ ಬಾಣವನ್ನೂ ಬರೆದಿಟ್ಟರೆ ಮುಂದಿನ ಸಲ ದಡದಲ್ಲಿ ಜಗಳವಿಲ್ಲ. ಇಡುವಾಗ ಒಂದರ ಮೇಲೊಂದು ಚಪ್ಪಟೆಯಾಗಿ ಇಡಬೇಕು. ಗೋಡೆಗೆ ಒರಗಿಸಿಟ್ಟ ಹಲಗೆ ಬೇಸಿಗೆ ಕಳೆಯುವಷ್ಟರಲ್ಲಿ ಬಾಗಿರುತ್ತದೆ, ಬಾಗಿದ ಹಲಗೆ ಚಾನೆಲ್ಲಿಗೆ ಇಳಿಯುವುದಿಲ್ಲ.